ಎರಡು ಅಗ್ಗದ ಎಲೆ, ಲೆಕ್ಕವಿಲ್ಲದ ಸೇನೆ

ಇಸ್ಪೀಟಿನಲ್ಲಿ ಎಲ್ಲರಿಗೂ ಅವೇ 52 ಎಲೆಗಳು. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಮಾರುಕಟ್ಟೆಗೆ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಲ್ಲಿ ಹಾಗಲ್ಲ. ಎಲೆಗಳನ್ನು ಕೊಂಡು, ಕನಿಷ್ಠ 60ರ ಕಟ್ಟನ್ನು ಆಟಗಾರನೇ ಸಿದ್ಧಪಡಿಸಿಕೊಳ್ಳಬೇಕು. ಹಾಗಾದರೆ ಗೆಲುವು ಹಣವಂತನದೇ? 'ಬ್ಲ್ಯಾಕ್ ಲೋಟಸ್' ಎಂಬ ಒಂದೇ ಎಲೆ 2021ರ ಹರಾಜಿನಲ್ಲಿ ಐದು ಲಕ್ಷ ಡಾಲರ್ ದಾಟಿದ್ದೇನೋ ನಿಜ. ಆದರೆ ಬಡವನ ಕೈಯಲ್ಲೂ ಒಂದು ಅಸ್ತ್ರವಿದೆ. ಅದೇ 'ಕಾಂಬೊ', ಒಂದಕ್ಕೊಂದು ಕೈಜೋಡಿಸುವ ಎಲೆಗಳ ಜೋಡಿ.

'ಮಿಡ್‌ನೈಟ್ ಗಾರ್ಡ್' ಒಬ್ಬ ಕಾವಲುಗಾರ. ಇನ್ನೊಂದು ಜೀವಿ ಕಣಕ್ಕಿಳಿದಾಗಲೆಲ್ಲ ಅವನ ದಣಿವು ಆರುತ್ತದೆ. ಅವನಿಗೆ 'ಪ್ರೆಸೆನ್ಸ್ ಆಫ್ ಗಾಂಡ್' ಎಂಬ ಮಂತ್ರದೆಲೆ ತೊಡಿಸಿದರೆ, ಒಮ್ಮೆ ದಣಿದು ಒಬ್ಬ ಎಲ್ಫ್ ಯೋಧನನ್ನು ಸೃಷ್ಟಿಸಬಲ್ಲ. ಯೋಧ ಬಂದೊಡನೆ ಕಾವಲುಗಾರ ಮತ್ತೆ ಸಜ್ಜು; ಮತ್ತೊಬ್ಬ ಯೋಧ! ಹೀಗೆ ಬೇಕೆಂದಷ್ಟು ಸೇನೆ. ಮುಂದಿನ ಸರದಿಯಲ್ಲಿ ದಾಳಿಯಿಟ್ಟರೆ ಎದುರಾಳಿಯ 20 ಅಂಕಗಳ ಜೀವ ಉಳಿದೀತೇ? ಎರಡೂ 'ಕಾಮನ್' ದರ್ಜೆಯ ಅಗ್ಗದ ಎಲೆಗಳು.

ಕಟ್ಟಿನಲ್ಲಿ ಇವು ನಾಲ್ಕು ನಾಲ್ಕಿರಲಿ. ಅದಕ್ಕಿಂತ ಹೆಚ್ಚಿಗೆ ನಿಯಮದ ಒಪ್ಪಿಗೆಯಿಲ್ಲ. ಉಳಿದ ಜಾಗದಲ್ಲಿ ನೆಲದ ಎಲೆಗಳ ಜೊತೆ ಜೋಡಿಯನ್ನು ಹುಡುಕಿ ತರುವ, ಕಾಪಾಡುವ ಎಲೆಗಳಿರಲಿ. ಕಾವಲುಗಾರ ಬಿದ್ದರೆ ಆಟವೂ ಬಿದ್ದಂತೆಯೇ!

ಕಾಮನ್ ಎಲೆಗಳಷ್ಟೇ ಸಲ್ಲುವ 'ಪಾಪರ್' ಪದ್ಧತಿಗೆ 2019ರಲ್ಲಿ ಅಧಿಕೃತ ಮನ್ನಣೆ ಸಿಕ್ಕಿತು. ಅಲ್ಲಿ ಜೇಬಿಗಿಂತ ಜಾಣತನಕ್ಕೇ ಬೆಲೆ.