ನಡಿಯೋ ಸಿಆರ್‌ಎಂಗೆ ಶಿಸ್ತು ತರೋದು ಹೆಂಗ?

ದಾಖಲೆಗೆ ಶಿಸ್ತು ತರೋದು ಸವದತ್ತಿ ರೈತರಿಗೆ ಗೊತ್ತಿದ್ದ ಮಾತ ಐತಿ. ಮೊದಲ ಹೊಲದ ಉತಾರ ತಲಾಠಿ ಕೈಬರಹದಾಗ ಇರ್ತಿತ್ತು. 2001-02ರ ಸುಮಾರಿಗೆ ಉತಾರ ಕಂಪ್ಯೂಟರ್‌ನಾಗ ಇಡೋ ‘ಭೂಮಿ’ ಬಂತು. ಈಗ ಹೆಸರು ಬದಲಾಗಬೇಕಂದ್ರ ಮ್ಯುಟೇಶನ್ ಆಗಬೇಕು, ಅಧಿಕಾರಿ ಬೆರಳಚ್ಚು ಒತ್ತಬೇಕು.

ಡೈನಾಮಿಕ್ಸ್ 365 ಸಿಆರ್‌ಎಂನಾಗೂ ಹಂಗ. ಲೈವ್ ಸಿಸ್ಟಮ್‌ನಾಗ ನೇರವಾಗಿ ಫಾರ್ಮ್, ಫೀಲ್ಡ್ ತಿದ್ದಿದ್ರ ಅದು ಅನ್‌ಮ್ಯಾನೇಜ್ಡ್, ಕೈಬರಹದ ಉತಾರ ಇದ್ದಂಗ. ಬ್ಯಾರೆ ಕಡೆ ತಿದ್ದಿ, ಆ ಬದಲಾವಣೆ ಎಲ್ಲಾ ‘ಸೊಲ್ಯೂಷನ್’ ಅನ್ನೋ ಗಂಟಿನಾಗ ಕಟ್ಟಿ ಲೈವ್‌ಗೆ ತಂದ್ರ ಅದು ಮ್ಯಾನೇಜ್ಡ್, ‘ಭೂಮಿ’ ಇದ್ದಂಗ.

ಮ್ಯಾನೇಜ್ಡ್‌ಗೆ ಹೋಗಬೇಕ? ಮೊದಲ ಲೈವ್‌ದು ಒಂದು ಕಾಪಿ ತಗೊಳ್ರಿ. ಅಲ್ಲಿ ಸೊಲ್ಯೂಷನ್ ಕಟ್ಟಿ, ಮ್ಯಾನೇಜ್ಡ್ ಅಂತ ಎಕ್ಸ್‌ಪೋರ್ಟ್ ಮಾಡಿ, ಲೈವ್‌ಗೆ ಇಂಪೋರ್ಟ್ ಮಾಡ್ರಿ. ಪಬ್ಲಿಷರ್ ಮಾತ್ರ ಹಳೇದ ಇರ್ಲಿ. ಲೈವ್‌ನಾಗ ಅದ ಹೆಸರಿನ ಅನ್‌ಮ್ಯಾನೇಜ್ಡ್ ಸೊಲ್ಯೂಷನ್ ಇದ್ರ ಇಂಪೋರ್ಟ್ ಆಗಂಗಿಲ್ಲ. ಅದನ್ನ ಮೊದಲ ಡಿಲೀಟ್ ಮಾಡ್ರಿ. ಅಂಜಬ್ಯಾಡ್ರಿ, ಟೇಬಲ್, ಡೇಟಾ ಎಲ್ಲಾ ಇದ್ದಲ್ಲೇ ಇರ್ತಾವ.

ಇಂಪೋರ್ಟ್ ಆದಮ್ಯಾಲೂ ಹಳೇ ಫಾರ್ಮ್ ಕಾಣಾಕತ್ತೈತಿ? ಭಾಳ ಮಂದಿ ಇಲ್ಲೇ ಗಾಬರಿ ಆಗ್ತಾರ. ಅನ್‌ಮ್ಯಾನೇಜ್ಡ್ ಪದರ ಯಾವಾಗಲೂ ಮ್ಯಾಲ ಇರ್ತೈತಿ. ಸೊಲ್ಯೂಷನ್ ಲೇಯರ್ಸ್ ತೆರದು, ಆ್ಯಕ್ಟಿವ್ ಕಸ್ಟಮೈಸೇಷನ್ ತಗೀರಿ, ಹೊಸಾ ಫಾರ್ಮ್ ಕಾಣ್ತೈತಿ. ಇದನ್ನೆಲ್ಲಾ ಸ್ಯಾಂಡ್‌ಬಾಕ್ಸ್‌ನಾಗ ಒಮ್ಮೆ ಮಾಡಿ ನೋಡೇ ಲೈವ್ ಮುಟ್ಟಬೇಕು.

ಇನ್ನ ಮ್ಯಾಲ ಒಂದು ಎಚ್ಚರ ಇರ್ಲಿ: ಮ್ಯಾನೇಜ್ಡ್ ಸೊಲ್ಯೂಷನ್ ಡಿಲೀಟ್ ಮಾಡಿದ್ರ ಅದು ತಂದ ಟೇಬಲ್ ಡೇಟಾ ಸಮೇತ ಹೋಗ್ತಾವ.