ಕೋಟೆ ಉಳಿಯಿತು, ಒಕ್ಕಲು ಹೊರಟಿತು

ಬೆಳಗಿನ ಜಾವ. ಕಲ್ಲು ಹಾಸಿದ ಇಕ್ಕಟ್ಟಾದ ಓಣಿಯಲ್ಲಿ ಗಾಲಿ ಸೂಟ್‌ಕೇಸೊಂದು ಗಡಗಡ ಸದ್ದು ಮಾಡುತ್ತ ಸಾಗುತ್ತದೆ. ಎರಡೂ ಬದಿಯ ಕಲ್ಲುಮನೆಗಳಿಗೆ ಬಡಿದು ಆ ಸದ್ದು ಇಮ್ಮಡಿಯಾಗುತ್ತದೆ. ವಿಮಾನ ಹಿಡಿಯಲು ಹೊರಟ ಪ್ರವಾಸಿಗನ ಪೆಟ್ಟಿಗೆ ಅದು. ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್ ಪಟ್ಟಣದ ಹಳೆಯ ಕೋಟೆಯೊಳಗೆ ಬೇಸಿಗೆಯಲ್ಲಿ ಇದು ನಿತ್ಯದ ಸದ್ದು. ಗಾಲಿ ಪೆಟ್ಟಿಗೆಗಳನ್ನು ಎಳೆಯದೆ ಎತ್ತಿಕೊಂಡು ಹೋಗಿ ಎಂದು ಅಲ್ಲಿನ ನಗರಾಡಳಿತ 2023ರಲ್ಲಿ ಮನವಿ ಮಾಡಿಕೊಂಡಾಗ ಹಲವು ದೇಶಗಳ ಪತ್ರಿಕೆಗಳಿಗೆ ಅದೊಂದು ತಮಾಷೆಯ ಸುದ್ದಿಯಾಯಿತು. ಆದರೆ ಅದರ ಹಿಂದಿನ ಸಂಗತಿ ತಮಾಷೆಯದಲ್ಲ. ಆ ಸದ್ದಿಗೆ ನಿದ್ದೆ ಕೆಟ್ಟು ಗೊಣಗಬೇಕಾದ ನೆರೆಹೊರೆಯವರೇ ಅಲ್ಲಿ ಕಡಿಮೆಯಾಗುತ್ತಿದ್ದಾರೆ.

ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರುವ ಈ ಪಟ್ಟಣಕ್ಕೆ ಹಿಂದೆ ರಗೂಸಾ ಎಂಬ ಹೆಸರಿತ್ತು. ವೆನಿಸ್‌ನ ಹಿಡಿತದಿಂದ 1358ರಲ್ಲಿ ಬಿಡಿಸಿಕೊಂಡ ಮೇಲೆ 1808ರಲ್ಲಿ ನೆಪೋಲಿಯನ್ನನ ಸೇನೆ ರದ್ದು ಮಾಡುವವರೆಗೆ ಅದೊಂದು ಪುಟ್ಟ ಗಣರಾಜ್ಯವಾಗಿ ಬಾಳಿತು. ಹಡಗು ಮತ್ತು ವ್ಯಾಪಾರ ಅದರ ಬಲ. ಊರನ್ನು ಸುತ್ತುವರಿದ ಗೋಡೆಯ ಉದ್ದ 1,940 ಮೀಟರ್; ಕೆಲವೆಡೆ ಎತ್ತರ 25 ಮೀಟರ್. ಪ್ರತಿ ರಾತ್ರಿ ಬಾಗಿಲು ಮುಚ್ಚಿ, ಬೀಗದ ಕೈಗಳನ್ನು ರೆಕ್ಟರ್ ಎಂಬ ಮುಖ್ಯಾಧಿಕಾರಿಯ ವಶಕ್ಕೆ ಕೊಡುತ್ತಿದ್ದರು. ಆತನ ಅಧಿಕಾರಾವಧಿ ಒಂದೇ ತಿಂಗಳು.

ಹೊರಗಿನವರು ಯಾವಾಗ, ಹೇಗೆ ಒಳಗೆ ಬರಬೇಕೆಂಬುದನ್ನು ಈ ಊರು ಹಿಂದಿನಿಂದಲೂ ಲೆಕ್ಕ ಹಾಕುತ್ತಲೇ ಬಂದಿದೆ. ಪ್ಲೇಗ್ ಪೀಡಿತ ಪ್ರದೇಶಗಳಿಂದ ಬಂದವರು 30 ದಿನ ಹೊರಗಿದ್ದೇ ಒಳಗೆ ಬರಬೇಕೆಂದು 1377ರಲ್ಲಿ ಕಟ್ಟಳೆ ಮಾಡಿತು. ಇಂದು ನಾವು ಕ್ವಾರಂಟೈನ್ ಎನ್ನುವ ಪದ್ಧತಿಯ ಆರಂಭದ ನಿದರ್ಶನಗಳಲ್ಲಿ ಇದೂ ಒಂದು. ಮನೆ ಕಟ್ಟುವುದಕ್ಕೂ ನಿಯಮವಿತ್ತು. 1272ರ ಶಾಸನಸಂಹಿತೆಯಲ್ಲೇ ಬೀದಿ ಮತ್ತು ಮನೆಗಳ ಕುರಿತ ವಿಧಿಗಳಿದ್ದವು. 1667ರ ಭೂಕಂಪದಲ್ಲಿ ಊರು ಕುಸಿದುಬಿದ್ದಾಗ ಸ್ಟ್ರಾಡುನ್ ಎಂಬ ಮುಖ್ಯಬೀದಿಯ ಮನೆಗಳನ್ನು ಒಂದೇ ಮಾದರಿಯಲ್ಲಿ ಎಬ್ಬಿಸಲಾಯಿತು. ಕೆಳಗೆ ಅಂಗಡಿ, ಮೇಲೆ ವಾಸ. ಇಂದು ಪ್ರವಾಸಿ ಬಾಡಿಗೆಗೆ ಹಿಡಿಯುವುದು ಇಂತಹ ಮನೆಗಳ ಮಹಡಿಯನ್ನೇ.

ಇಲ್ಲಿ ಮನೆ ಬಾಡಿಗೆಗೆ ಕೊಡುವುದು ಹೊಸದಲ್ಲ. ಯುಗೊಸ್ಲಾವಿಯಾದ ಕಾಲದಲ್ಲೇ ಕರಾವಳಿಯ ಮನೆಗಳ ಮುಂದೆ 'ಸೋಬೆ', ಅಂದರೆ ಕೋಣೆಗಳಿವೆ, ಎಂಬ ಫಲಕ ತೂಗುತ್ತಿತ್ತು. ಮಕ್ಕಳ ಕೋಣೆಯನ್ನು ಬೇಸಿಗೆಯಲ್ಲಿ ಅತಿಥಿಗೆ ಬಿಟ್ಟುಕೊಟ್ಟು ಮನೆಯವರು ಉಳಿದ ಜಾಗದಲ್ಲಿ ಇರುತ್ತಿದ್ದರು. ಮನೆಯೊಡತಿ ಅಲ್ಲೇ ಇರುತ್ತಿದ್ದಳು. ಆಕೆಯೇ ಬಾಗಿಲು ತೆರೆದು ಕೀಲಿ ಕೊಡುತ್ತಿದ್ದಳು. ಅತಿಥಿ ಹೋದ ಮೇಲೆ ಮನೆ ಮತ್ತೆ ಮನೆಯೇ ಆಗುತ್ತಿತ್ತು.

1991ರ ಅಕ್ಟೋಬರಿನಲ್ಲಿ ಯುಗೊಸ್ಲಾವ್ ಸೇನೆ ಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕೋಟೆಯೊಳಗಿನ 824 ಕಟ್ಟಡಗಳ ಪೈಕಿ 563 ಕಟ್ಟಡಗಳಿಗೆ ಶೆಲ್ ದಾಳಿಯ ಪೆಟ್ಟು ಬಿತ್ತು. 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದ ಊರನ್ನು ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಸಾಲಿಗೆ ಸೇರಿಸಿತು. ರಿಪೇರಿಯ ನಂತರ 1998ರಲ್ಲಿ ಆ ಸಾಲಿನಿಂದ ತೆಗೆಯಿತು. ಛಾವಣಿಗಳಿಗೆ ಹೊಸ ಕೆಂಪು ಹೆಂಚು ಬಂತು. ಆದರೆ ಯುದ್ಧಕ್ಕೆ ಮುಂಚೆ ಗೋಡೆಯೊಳಗೆ ಇದ್ದ ಸುಮಾರು 5,000 ಮಂದಿಯ ಪೈಕಿ 2017ರ ಹೊತ್ತಿಗೆ ಉಳಿದವರು ಸಾವಿರದ ಚಿಲ್ಲರೆ.

ಫಿರಂಗಿ ಮಾಡಲಾಗದ ಕೆಲಸವನ್ನು ಬಾಡಿಗೆ ಮಾಡಿದ್ದು ಹೇಗೆ? ಲೆಕ್ಕ ಸರಳ. ಕೋಟೆಯೊಳಗೆ ವಾಹನವಿಲ್ಲ. ಮುಖ್ಯಬೀದಿಯಿಂದ ಮೇಲಕ್ಕೆ ಹೋಗುವ ಓಣಿಗಳೆಲ್ಲ ಕಡಿದಾದ ಮೆಟ್ಟಿಲುಗಳು. ಗ್ಯಾಸ್ ಸಿಲಿಂಡರಾಗಲಿ ತರಕಾರಿಯಾಗಲಿ, ಹೊತ್ತೇ ತರಬೇಕು. ವಯಸ್ಸಾದವರಿಗೆ ಇದು ದಿನನಿತ್ಯದ ಕಷ್ಟ. ನಾಲ್ಕು ದಿನ ಇರಲು ಬಂದವರಿಗೆ ಇದೇ ಸೊಗಸು. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಚಿತ್ರೀಕರಣ ಇಲ್ಲಿ ನಡೆದ ಮೇಲಂತೂ ಬೇಡಿಕೆ ಏರಿತು. ಅಂತರಜಾಲದಲ್ಲಿ ಕುಳಿತಲ್ಲೇ ಮನೆ ಕಾದಿರಿಸುವ ವ್ಯವಸ್ಥೆ ಬಂತು. ಒಂದು ಸಂಸಾರ ತಿಂಗಳುಗಟ್ಟಲೆ ಕೊಡುವ ಬಾಡಿಗೆಯನ್ನು ಪ್ರವಾಸಿಗರು ಕೆಲವೇ ವಾರಗಳಲ್ಲಿ ಕೊಡುತ್ತಾರೆಂದರೆ ಒಡೆಯ ಯಾರಿಗೆ ಬಾಗಿಲು ತೆರೆದಾನು? ಮನೆಯವರು ಗೋಡೆಯಾಚೆಯ ಹೊಸ ಬಡಾವಣೆಗೆ ಹೋದರು. ಒಂದು ಕೋಣೆಯ ಬದಲು ಇಡೀ ಮನೆಯೇ ಬಾಡಿಗೆಗೆ ಸಿದ್ಧವಾಯಿತು. ಒಳಗೇ ಇರಬಯಸುವ ಯುವ ದಂಪತಿಗೆ ಬೆಲೆ ಕೈಗೆಟುಕದಾಯಿತು.

ಒಡೆಯರನ್ನು ದೂರುವುದು ಸುಲಭ. ಆದರೆ ಯುದ್ಧದಲ್ಲಿ ನೊಂದ ಊರಿಗೆ ಅನ್ನ ಕೊಟ್ಟದ್ದು ಪ್ರವಾಸೋದ್ಯಮವೇ. ಹಳೆಯ ಕಲ್ಲುಮನೆಯ ರಿಪೇರಿ ದುಬಾರಿ ಬಾಬತ್ತು. ಬಾಡಿಗೆಯ ಆದಾಯವಿಲ್ಲದಿದ್ದರೆ ಎಷ್ಟೋ ಛಾವಣಿಗಳು ಸೋರುತ್ತಿದ್ದವು. ಪ್ರತಿಯೊಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಎಲ್ಲರ ಲೆಕ್ಕ ಕೂಡಿದಾಗ ಮಾತ್ರ ಊರು ಬರಿದಾಗುತ್ತದೆ. ಸಂಸಾರ ಹೋದ ಮೇಲೆ ಶಾಲೆಗೆ ಮಕ್ಕಳಿಲ್ಲ, ದಿನಸಿ ಅಂಗಡಿಗೆ ಗಿರಾಕಿಯಿಲ್ಲ. ಆ ಅಂಗಡಿ ಐಸ್‌ಕ್ರೀಮ್ ಮಳಿಗೆಯಾಗುತ್ತದೆ. ಅಂಗಡಿ ಮುಚ್ಚಿದ ಬೀದಿಯಲ್ಲಿ ಇನ್ನೊಂದು ಸಂಸಾರಕ್ಕೂ ಬಾಳುವೆ ಕಷ್ಟವಾಗುತ್ತದೆ.

ತಡವಾಗಿಯಾದರೂ ಆಡಳಿತ ಎಚ್ಚೆತ್ತಿದೆ. ದೊಡ್ಡ ವಿಹಾರ ಹಡಗುಗಳ ಸಂಖ್ಯೆಗೆ 2019ರಲ್ಲಿ ಮಿತಿ ಹಾಕುವ ಒಪ್ಪಂದವಾಯಿತು. ಹಳೆಯ ಪಟ್ಟಣದೊಳಗೆ ಪ್ರವಾಸಿ ಬಾಡಿಗೆಗೆ ಹೊಸ ಪರವಾನಗಿ ನಿಲ್ಲಿಸುವ ಕ್ರಮ 2024ರಲ್ಲಿ ಬಂತು. ಕೋಟೆಯೊಳಗೆ ನಗರಾಡಳಿತವೇ ಮನೆ ಕೊಂಡು ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಪ್ರಯತ್ನವೂ ನಡೆದಿದೆ. ಮನೆಯನ್ನು ದೀರ್ಘಾವಧಿ ಬಾಡಿಗೆಗೆ ಕೊಟ್ಟವರಿಗೆ, ತಾವೇ ವಾಸಿಸುವವರಿಗೆ ವಿನಾಯಿತಿ ನೀಡುವ ಆಸ್ತಿ ತೆರಿಗೆಯನ್ನು ಕ್ರೊಯೇಷಿಯಾ 2025ರಿಂದ ಜಾರಿಗೆ ತಂದಿದೆ. ಹೊಸ ಪರವಾನಗಿ ನಿಂತರೂ ಹಳೆಯವು ಮುಂದುವರಿಯುವುದರಿಂದ ಹೋದವರು ಬೇಗನೆ ಮರಳುವ ಸಂಭವ ಕಡಿಮೆ.

ಗಣರಾಜ್ಯದ ಮಹಾಸಭೆಗೆ ಹೋಗುವ ಬಾಗಿಲ ಮೇಲೆ ಲ್ಯಾಟಿನ್ ಬರಹವೊಂದಿತ್ತು. ಸ್ವಂತದ ವ್ಯವಹಾರ ಮರೆತು ಸಾರ್ವಜನಿಕರ ಹಿತ ನೋಡಿರಿ ಎಂಬುದು ಅದರ ತಾತ್ಪರ್ಯ. ಒಳಗೆ ಕೂರುತ್ತಿದ್ದವರು ಹಣದ ಬೆಲೆ ಬಲ್ಲ ವ್ಯಾಪಾರಿ ಮನೆತನಗಳವರೇ. ಆದರೂ ಆ ಎಚ್ಚರಿಕೆ ಬೇಕೆಂದು ಅವರಿಗೆ ಅನ್ನಿಸಿತ್ತು. ಬರಹ ಇಂದಿಗೂ ರೆಕ್ಟರ್ ಅರಮನೆಯಲ್ಲಿದೆ. ಟಿಕೆಟ್ ಕೊಂಡು ಅದನ್ನು ನೋಡುವವರಿಗೆ ಕೊರತೆಯಿಲ್ಲ. ಅದನ್ನು ಪಾಲಿಸಬೇಕಾದ ಊರಿನವರು ಗೋಡೆಯೊಳಗೆ ಎಷ್ಟು ಮಂದಿ ಉಳಿಯುತ್ತಾರೆ ಎಂಬುದೇ ಈಗಿನ ಪ್ರಶ್ನೆ.