ಶಿಖರ ತಲುಪಿದವರ ಸಾಕ್ಷ್ಯ

ಕಿಲಿಮಂಜಾರೋ ಹತ್ತಿ ಬಂದವರು ಹೇಳುವ ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಗೈಡ್ ದೇವರಂಥ ಮನುಷ್ಯ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲೂ ಅಡುಗೆಯವನು ಬಿಸಿಬಿಸಿ ಸೂಪು ಕೊಟ್ಟ. ಕೊನೆಯ ರಾತ್ರಿ ಮಾತ್ರ ಸಾಕುಸಾಕಾಯಿತು, ಆದರೆ ಬೆಳಗಾಗುತ್ತ ಉಹುರು ಶಿಖರದ ಫಲಕದ ಮುಂದೆ ನಿಂತಾಗ ಕಣ್ಣು ತುಂಬಿ ಬಂತು. ಇದರಲ್ಲಿ ಉತ್ಪ್ರೇಕ್ಷೆ ಇರಬಹುದು, ಸುಳ್ಳಿಲ್ಲ. ಮುಂದೆ ಹೋಗಬೇಕೆಂದಿರುವವರು ಕಂಪನಿ ಆರಿಸುವುದೂ ಬಹುಮಟ್ಟಿಗೆ ಇಂಥ ಮಾತನ್ನು ನಂಬಿಯೇ. ನನ್ನ ತಕರಾರು ಇರುವುದು ಇಲ್ಲಿ. ಕ್ಷೇಮವಾಗಿ ಮರಳಿದವರ ಅನುಭವದಿಂದ ಅವರು ಕ್ಷೇಮವಾಗಿ ಮರಳಿದ್ದು ಗೊತ್ತಾಗುತ್ತದೆ. ಪ್ರವಾಸವನ್ನು ಸರಿಯಾಗಿ ನಡೆಸಿದ್ದರೋ, ಅದೃಷ್ಟ ಕೈಹಿಡಿಯಿತೋ ಎಂಬುದು ಗೊತ್ತಾಗುವುದಿಲ್ಲ. ಗೈಡ್ ಜೊತೆಗಿರುವ ಗುಂಪು ಪ್ರವಾಸಗಳಲ್ಲಿ ಮುಖ್ಯವಾದ ಸಂಗತಿಗಳೆಲ್ಲ ಪ್ರವಾಸಿಗ ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತವೆ. ಎಷ್ಟು ದಿನ, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುವುದು, ಕಾಯಿಲೆ ಬಿದ್ದವರ ಜೊತೆ ಇಳಿಯುವವರು ಯಾರು, ಗೈಡ್‌ಗೆ ಹಣ ಹುಟ್ಟುವುದು ಎಲ್ಲಿಂದ ಎಂಬ ಈ ವಿವರಗಳು ಪ್ರಯಾಣಿಕರ ಕಥೆಗಳಲ್ಲಿ ಸಿಗುವುದೇ ಅಪರೂಪ.

ತಾಂಜಾನಿಯಾದ ಈ ಬೆಟ್ಟವನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 5,895 ಮೀಟರ್ ಎತ್ತರದ ಕಿಲಿಮಂಜಾರೋ ಆಫ್ರಿಕಾ ಖಂಡದಲ್ಲೇ ಎತ್ತರದ್ದು. ಆದರೂ ರೂಢಿಯ ದಾರಿಗಳಲ್ಲಿ ಹಗ್ಗ ಕಟ್ಟಿ ಹತ್ತುವ ಪ್ರಮೇಯವಿಲ್ಲ, ನಡೆಯಲು ಬಂದರೆ ಸಾಕು. 1991ರಿಂದ ಗೈಡ್ ಇಲ್ಲದೆ ಹತ್ತುವಂತಿಲ್ಲ, ಹಾಗಾಗಿ ಅಲ್ಲಿಗೆ ಹೋಗುವವರೆಲ್ಲ ಯಾವುದಾದರೊಂದು ಕಂಪನಿಯ ಗಿರಾಕಿಗಳೇ. ಹತ್ತು ಜನರ ಗುಂಪಿನ ಹಿಂದೆ ಗೈಡ್‌ಗಳು, ಅಡುಗೆಯವರು, ಡೇರೆ ಹೊರುವವರು ಎಂದು ಮೂವತ್ತಕ್ಕೂ ಹೆಚ್ಚು ಮಂದಿ ನಡೆಯುವುದುಂಟು. ಬೆಂಗಳೂರಿನ ಚಾರಣಿಗರಿಗೂ ಇದು ಈಗ ಅಪರಿಚಿತ ಹೆಸರಲ್ಲ. ಕುಮಾರ ಪರ್ವತ, ಮುಳ್ಳಯ್ಯನಗಿರಿ ಹತ್ತಿ ಕಾಲು ಗಟ್ಟಿಮಾಡಿಕೊಂಡು ಹೊರಡುವವರಿದ್ದಾರೆ. ಕಾಲಿಗೆ ಅದು ಒಳ್ಳೆಯದೇ. ಆದರೆ ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್; ಕಿಲಿಮಂಜಾರೋದ ಮರಂಗು ದಾರಿಯ ಬಾಗಿಲೇ ಹೆಚ್ಚುಕಡಿಮೆ ಆ ಎತ್ತರದಲ್ಲಿದೆ. ನಮ್ಮ ನಾಡಿನ ಬೆಟ್ಟ ಮುಗಿಯುವಲ್ಲಿ ಅವರ ಬೆಟ್ಟದ ಚೀಟಿ ಹರಿಯುತ್ತಾರೆ.

ಆ ಮರಂಗು ದಾರಿಯ ಐದು ದಿನದ ಪ್ಯಾಕೇಜನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲ ರಾತ್ರಿ ಮಂದಾರ ಗುಡಿಸಲಿನಲ್ಲಿ, ಸುಮಾರು 2,720 ಮೀಟರ್. ಎರಡನೆಯದು ಹೊರೊಂಬೊ, 3,720. ಮೂರನೆಯದು ಕಿಬೊ, 4,720. ಅಲ್ಲಿ ಸಂಜೆ ಏನೋ ಒಂದಿಷ್ಟು ತಿಂದು, ನಿದ್ದೆ ಬಂದರೂ ಬಾರದಿದ್ದರೂ ನಡುರಾತ್ರಿಯ ಹೊತ್ತಿಗೆ ಎದ್ದು, ಹಣೆಗೆ ದೀಪ ಕಟ್ಟಿಕೊಂಡು ಮತ್ತೆ ಸಾವಿರದ ಇನ್ನೂರು ಮೀಟರ್ ಹತ್ತಬೇಕು. ಎತ್ತರದ ವೈದ್ಯಶಾಸ್ತ್ರದ ಮಾರ್ಗಸೂಚಿಗಳು ಹೇಳುವುದು ಬೇರೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಇನ್ನೊಂದು ರಾತ್ರಿ ಕಳೆಯಿರಿ. ಐದು ದಿನದ ಪಟ್ಟಿ ಇದರ ದುಪ್ಪಟ್ಟು ವೇಗದಲ್ಲಿ ಓಡುತ್ತದೆ. ಶಿಖರದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಅಂಥಲ್ಲಿ ದೇಹ ಜೋರಾಗಿ ಉಸಿರಾಡುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಬೇಗ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಆ ಹೆಚ್ಚುವರಿ ಕ್ಷಾರವನ್ನು ಹೊರಹಾಕಿದ ಮೇಲಷ್ಟೇ ಉಸಿರು ಸಲೀಸು. ಮೂತ್ರಪಿಂಡಗಳಿಗೆ ಈ ಕೆಲಸಕ್ಕೆ ದಿನಗಳು ಬೇಕು. ಚಾರಣಿಗರು ನುಂಗುವ ಡಯಾಮಾಕ್ಸ್ ಮಾತ್ರೆ ಚುರುಕುಗೊಳಿಸುವುದು ಇದೇ ಕೆಲಸವನ್ನು, ಅದೂ ಒಂದು ಮಿತಿಯವರೆಗೆ.

ಜಿಮ್‌ಗೆ ಹೋಗುವವರಿಗೆ, ಮ್ಯಾರಥಾನ್ ಓಡುವವರಿಗೆ ಇದು ಅನ್ವಯಿಸುವುದಿಲ್ಲ ಎಂಬ ವಾದ ಸಾಮಾನ್ಯ. ನಿಜ ಹೇಳಬೇಕೆಂದರೆ ಎತ್ತರದ ಕಾಯಿಲೆಗೂ ದೇಹದಾರ್ಢ್ಯಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಕಟ್ಟುಮಸ್ತಾದ ಮೂವತ್ತರ ಯುವಕ ಬೇಗ ಹತ್ತಬಲ್ಲ ಎಂಬ ಒಂದೇ ಕಾರಣಕ್ಕೆ, ನಿಧಾನಕ್ಕೆ ಕಾಲೆಳೆಯುವ ಐವತ್ತೈದರ ಮೇಷ್ಟರಿಗಿಂತ ಮೊದಲು ಮಲಗಬಹುದು. ಅಲ್ಲಿನ ಗೈಡ್‌ಗಳು ಹೆಜ್ಜೆಹೆಜ್ಜೆಗೂ ‘ಪೋಲೆ ಪೋಲೆ’, ನಿಧಾನ ನಿಧಾನ, ಎನ್ನುತ್ತಿರುವುದು ಇದಕ್ಕೇ. ತಮಾಷೆಯೆಂದರೆ, ಹೆಜ್ಜೆಯಲ್ಲಿ ನಿಧಾನ ಬೋಧಿಸುವ ಕಂಪನಿಯೇ ಪಟ್ಟಿಯಲ್ಲಿ ಅವಸರ ಮಾರುತ್ತಿರುತ್ತದೆ. ಅದಕ್ಕೂ ಲೆಕ್ಕಾಚಾರವಿದೆ. ವಿದೇಶಿ ವಯಸ್ಕರಿಗೆ ಉದ್ಯಾನದ ಶುಲ್ಕ ದಿನಕ್ಕೆ 70 ಡಾಲರ್, ಡೇರೆ ಹಾಕುವ ದಾರಿಗಳಲ್ಲಿ ರಾತ್ರಿಗೆ 50 ಡಾಲರ್, ಅದರ ಮೇಲೆ ತೆರಿಗೆ. ಊಟ, ಕೂಲಿ ಸೇರಿಸುವ ಮೊದಲೇ ಒಂದೊಂದು ಹೆಚ್ಚಿನ ದಿನಕ್ಕೆ ತಲೆಗೆ ನೂರು ಡಾಲರ್ ದಾಟುತ್ತದೆ. ಎರಡು ಕಂಪನಿಗಳ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಗಿರಾಕಿಗೆ ಕಾಣುವುದು ಒಟ್ಟು ಮೊತ್ತ. ದಿನ ಕಡಿಮೆಯಾದ್ದರಿಂದ ಬೆಲೆ ಕಡಿಮೆಯಾಗಿದೆ ಎಂಬುದು ಅವನಿಗೆ ಲಾಭದಂತೆಯೇ ಕಾಣುತ್ತದೆ. ಆರು ದಿನದ ಮಚಾಮೆ ದಾರಿಗೆ ಏಳನೆಯ ದಿನ ಸೇರಿಸಿದರೆ ಸಿಗುವುದು ಸುಮಾರು ನಾಲ್ಕು ಸಾವಿರ ಮೀಟರಿನ ಕರಂಗಾ ಶಿಬಿರದಲ್ಲಿ ಒಂದು ರಾತ್ರಿ. ನೋಡಲು ಅಲ್ಲಿ ವಿಶೇಷವೇನೂ ಇಲ್ಲ, ಗಾಳಿ ಬೀಸುವ ಒಂದು ಇಳಿಜಾರು. ಅದಿಲ್ಲದಿದ್ದರೆ ಹಿಂದಿನ ಬರಾಂಕೊ ಶಿಬಿರದಿಂದ ಹೊರಟು ಒಂದೇ ದಿನ 4,673 ಮೀಟರಿನ ಬರಾಫು ಶಿಬಿರ ಸೇರಿ, ಕೆಲವೇ ಗಂಟೆ ಮೈಚೆಲ್ಲಿ, ಅದೇ ರಾತ್ರಿ ಶಿಖರಕ್ಕೆ ಹೊರಡಬೇಕು.

ಈಗ ಅನುಭವಿಗಳ ಮಾತಿಗೆ ಬರೋಣ. ಐದು ದಿನದಲ್ಲಿ ಹತ್ತಿ ಇಳಿದವರು ಸುಳ್ಳು ಹೇಳುವುದಿಲ್ಲ, ಅವರಿಗೆ ನಿಜವಾಗಿಯೂ ಏನೂ ಆಗಿರುವುದಿಲ್ಲ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಎಂದು ಮುಂಗಾಣುವುದು ಕಷ್ಟ, ವೇಗ ಹೆಚ್ಚಿದಂತೆ ಅಪಾಯ ಏರುತ್ತದೆ ಎಂದಷ್ಟೇ ಹೇಳಬಹುದು. ಬಚಾವಾದವರು ಅದನ್ನು ತಮ್ಮ ಛಲದ ಫಲ ಎಂದುಕೊಳ್ಳುತ್ತಾರೆ. ಅರ್ಧಕ್ಕೆ ಇಳಿದವರು ‘ನನ್ನ ತಯಾರಿ ಸಾಲದು’ ಎಂದು ತಮ್ಮನ್ನೇ ದೂರಿಕೊಂಡು ಸುಮ್ಮನಾಗುತ್ತಾರೆ. ಎರಡೂ ಕಡೆ ಪಟ್ಟಿ ಮಾಡಿದವನು ಪಾರು. ಈ ಕುರುಡು ಒಂದು ಬೆಟ್ಟಕ್ಕೆ ಸೀಮಿತವಲ್ಲ. ನ್ಯೂಜಿಲೆಂಡಿನ ವಕಾರಿ ಜ್ವಾಲಾಮುಖಿ ದ್ವೀಪಕ್ಕೆ ವರ್ಷಗಳ ಕಾಲ ಸಾವಿರಾರು ಜನ ಗೈಡ್‌ಗಳ ಹಿಂದೆ ಹೋಗಿ, ಹೊಗೆಯಾಡುವ ಕುಳಿ ನೋಡಿ, ಖುಷಿಯಿಂದ ಮರಳಿದ್ದರು. 2019ರ ನವೆಂಬರಿನಲ್ಲಿ ಅಲ್ಲಿನ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟವನ್ನು ಏರಿಸಿದರು, ಪ್ರವಾಸಗಳು ನಿಲ್ಲಲಿಲ್ಲ. ಡಿಸೆಂಬರ್ 9ರಂದು ಜ್ವಾಲಾಮುಖಿ ಸಿಡಿದಾಗ ದ್ವೀಪದ ಮೇಲಿದ್ದ 47 ಮಂದಿಯಲ್ಲಿ 22 ಜನ ಸತ್ತರು. 1999ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್ಲಾಕೆನ್ ಬಳಿಯ ಸಾಕ್ಸೆಟನ್ ಕೊರಕಲಿನಲ್ಲಿ ಗುಡುಗುಮಳೆಯ ಪ್ರವಾಹಕ್ಕೆ ಸಿಕ್ಕಿ ಪ್ರವಾಸಿಗರು, ಗೈಡ್‌ಗಳು ಸೇರಿ 21 ಜನ ಹೋದರು. ಮೇಲ್ಗಡೆ ಮಳೆಯಾಗದ ಒಂದು ದಿನ ಅದೇ ನೀರಿಗೆ ಇಳಿದವರು ಏನು ಬರೆಯುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ಗುಂಪು ಎಂಬುದು ಈ ಸಂಗತಿಯನ್ನು ಇನ್ನಷ್ಟು ಮಸುಕು ಮಾಡುತ್ತದೆ. ಊಟದ ಡೇರೆಯಲ್ಲಿ ಸಂಜೆ ನಡೆಯುವ ತಪಾಸಣೆಯನ್ನೇ ನೋಡಿ. ಗೈಡ್ ಪಲ್ಸ್ ಆಕ್ಸಿಮೀಟರನ್ನು ಒಬ್ಬೊಬ್ಬರ ಬೆರಳಿಗೆ ಸಿಕ್ಕಿಸುತ್ತ ಬರುತ್ತಾನೆ. ಕೋವಿಡ್ ಪುಣ್ಯದಿಂದ ಆ ಯಂತ್ರವನ್ನು ನಮ್ಮಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ಒಬ್ಬರಿಗೆ 86, ಪಕ್ಕದವರಿಗೆ 79. ಪರೀಕ್ಷೆಯ ಅಂಕ ಓದಿದ ಹಾಗೆ ಎಲ್ಲರಿಗೂ ಕೇಳಿಸುತ್ತದೆ. ಆಮೇಲೆ ಪ್ರಶ್ನೆಗಳು: ತಲೆನೋವು ಇದೆಯಾ? ವಾಕರಿಕೆ? ನಿನ್ನೆ ನಿದ್ದೆ ಬಂತಾ? ಈ ಕಾಯಿಲೆಯನ್ನು ಅಳೆಯಲು ವೈದ್ಯರು ಬಳಸುವ ಲೇಕ್ ಲೂಯಿಸ್ ಅಂಕಪಟ್ಟಿಯೂ ರೋಗಿ ತಾನೇ ಹೇಳುವ ಲಕ್ಷಣಗಳ ಮೇಲೆ ನಿಂತಿದೆ. ಎರಡೂವರೆ ಲಕ್ಷ ರೂಪಾಯಿ ಸುರಿದು, ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಬಂದವನು, ಒಂಬತ್ತು ಜನರ ಎದುರಿಗೆ ‘ಹೌದು, ತಲೆ ಸಿಡಿಯುತ್ತಿದೆ’ ಎಂದು ಒಪ್ಪಿಕೊಳ್ಳುವ ಸಂಭವ ಎಷ್ಟು? ತನ್ನಿಂದ ಗುಂಪಿಗೆ ತಡವಾದೀತು ಎಂಬ ಅಂಜಿಕೆ ಬೇರೆ. ಹೀಗಾಗಿ ಪ್ರಶ್ನೆಯನ್ನು ಒಬ್ಬೊಬ್ಬರ ಡೇರೆಗೇ ಹೋಗಿ ಕೇಳುವ, ಮಾತಿಗಿಂತ ನಡಿಗೆ ಮತ್ತು ತಟ್ಟೆಯಲ್ಲಿ ಉಳಿದ ಅನ್ನವನ್ನು ನೋಡುವ, ಅನುಮಾನ ಬಂದರೆ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿ ತೂರಾಡುತ್ತಾನೆಯೇ ಎಂದು ಪರೀಕ್ಷಿಸುವ ಗೈಡ್ ಬೇಕು. ಒಬ್ಬರನ್ನು ಕೆಳಗಿಳಿಸಬೇಕಾದರೆ ಜೊತೆಗೆ ಹೋಗಲು ಸಹಾಯಕ ಗೈಡ್ ಇರಬೇಕು, ಅವನು ಹೋದ ಮೇಲೂ ಉಳಿದವರಿಗೆ ಸಾಕಷ್ಟು ಗೈಡ್‌ಗಳು ಉಳಿದಿರಬೇಕು. ಎಲ್ಲರೂ ಗಟ್ಟಿಯಾಗಿದ್ದ ಪ್ರವಾಸದಲ್ಲಿ ಈ ಯಾವ ಏರ್ಪಾಡಿಗೂ ಕೆಲಸ ಬೀಳುವುದಿಲ್ಲ, ಆದ್ದರಿಂದ ಅದು ಇತ್ತೋ ಇಲ್ಲವೋ ಪ್ರವಾಸಿಗನಿಗೆ ತಿಳಿಯುವುದೂ ಇಲ್ಲ.

ಇದರ ಹಿಂದೆ ಹಣದ ಇನ್ನೊಂದು ಎಳೆಯಿದೆ. ಗೈಡ್ ಮತ್ತು ಪೋರ್ಟರುಗಳ ಸಂಪಾದನೆಯ ದೊಡ್ಡ ಪಾಲು ಟಿಪ್ಸ್, ಅದು ಕೈಸೇರುವುದು ಕೊನೆಯ ದಿನ. ಶಿಖರ ಮುಟ್ಟಿದ ಗುಂಪಿನ ಕೈ ಸಡಿಲ. ಅರ್ಧದಲ್ಲೇ ವಾಪಸ್ ಕಳಿಸಿದ ಗೈಡ್ ಮೇಲೆ ಮುನಿಸು. ಎವರೆಸ್ಟಿನಲ್ಲಿ 1996ರ ಮೇ ತಿಂಗಳ ದುರಂತದಲ್ಲಿ ಇದಕ್ಕೂ ದೊಡ್ಡ ಪ್ರಮಾಣದ ಒತ್ತಡ ಕೆಲಸ ಮಾಡಿತ್ತು. ದುಡ್ಡು ಕೊಟ್ಟು ಬಂದವರನ್ನು ಹತ್ತಿಸುತ್ತಿದ್ದ ರಾಬ್ ಹಾಲ್, ಸ್ಕಾಟ್ ಫಿಶರ್ ಇಬ್ಬರೂ ಪಳಗಿದ ಪರ್ವತಾರೋಹಿಗಳು. ಮಧ್ಯಾಹ್ನ ಎರಡರೊಳಗೆ ಎಲ್ಲಿದ್ದರೂ ತಿರುಗಬೇಕು ಎಂಬ ಗಡುವು ಅವರಿಗೆ ಗೊತ್ತಿರದ್ದಲ್ಲ, ಅಂದು ಅದು ಪಾಲನೆಯಾಗಲಿಲ್ಲ. ಸತ್ತ ಎಂಟು ಮಂದಿಯಲ್ಲಿ ಆ ಇಬ್ಬರೂ ಇದ್ದರು. ಹಾಗೆಂದು ಗೈಡ್ ‘ಇಳಿ’ ಎಂದಾಗಲೆಲ್ಲ ಅದು ಕಾಳಜಿಯೇ ಎಂದೂ ಹೇಳಲಾಗದು. ನೇಪಾಳದಲ್ಲಿ ಸಣ್ಣ ಅಸೌಖ್ಯಕ್ಕೂ ಪ್ರವಾಸಿಗರನ್ನು ಹೆದರಿಸಿ ಹೆಲಿಕಾಪ್ಟರ್ ಹತ್ತಿಸಿ, ವಿಮೆಯ ಹಣವನ್ನು ಹಂಚಿಕೊಳ್ಳುತ್ತಿದ್ದ ಜಾಲ 2018ರಲ್ಲಿ ಬಯಲಿಗೆ ಬಂದು ಸರ್ಕಾರವೇ ತನಿಖೆ ನಡೆಸಬೇಕಾಯಿತು. ಅಲ್ಲಿ ಲಾಭ ಇಳಿಸುವುದರಲ್ಲಿತ್ತು, ಇಲ್ಲಿ ಹತ್ತಿಸುವುದರಲ್ಲಿದೆ. ಗೈಡ್ ಒಳ್ಳೆಯವನೇ ಎಂದು ಕೇಳುವುದಕ್ಕಿಂತ, ಒಳ್ಳೆಯ ತೀರ್ಮಾನ ಮಾಡಿದರೆ ಅವನ ಜೇಬಿಗೆ ನಷ್ಟವಾಗುತ್ತದೆಯೇ ಎಂದು ಕೇಳುವುದು ವಾಸಿ.

‘ಇಷ್ಟೆಲ್ಲ ಲೆಕ್ಕ ಹಾಕಿದರೆ ಸಾಹಸ ಎಲ್ಲಿ ಉಳಿಯಿತು?’ ಎಂದು ಕೆಲವರು ಮೂಗು ಮುರಿಯುತ್ತಾರೆ. ಬೇರೆಯವರು ಡೇರೆ ಹೊತ್ತು, ಅಡುಗೆ ಮಾಡಿ, ಬೆಳಿಗ್ಗೆ ಮುಖ ತೊಳೆಯಲು ಬಿಸಿನೀರು ತಂದುಕೊಡುವ ಪ್ರವಾಸದಲ್ಲಿ ಈ ಪ್ರಶ್ನೆ ಏಳುವುದೇ ಸೋಜಿಗ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹೋಗಿ ಬಂದವರ ಮಾತನ್ನು ನಂಬಬಾರದೆಂದರೆ ಇನ್ಯಾರನ್ನು ಕೇಳುವುದು? ಕೇಳಬೇಕಾದದ್ದು ಅವರನ್ನೇ, ಕೇಳುವ ಪ್ರಶ್ನೆ ಮಾತ್ರ ಬದಲಾಗಬೇಕು. ಅವರ ತೃಪ್ತಿಯನ್ನು ಪಕ್ಕಕ್ಕಿಟ್ಟು ಕಣ್ಣಾರೆ ಕಂಡದ್ದನ್ನು ಕೇಳಿ. ಗುಂಪಿನಲ್ಲಿ ಯಾರಾದರೂ ಇಳಿದರೇ? ಯಾವ ಹೊತ್ತಿನಲ್ಲಿ, ಯಾರ ಜೊತೆ? ಆಮ್ಲಜನಕದ ಸಿಲಿಂಡರ್ ಕಂಡಿರಾ? ಪೋರ್ಟರುಗಳ ಕಾಲಲ್ಲಿ ಎಂಥ ಬೂಟು ಇತ್ತು, ರಾತ್ರಿ ಅವರು ಎಲ್ಲಿ ಮಲಗುತ್ತಿದ್ದರು? ಕಡೆಯ ಪ್ರಶ್ನೆ ಬರೀ ಕರುಣೆಯದಲ್ಲ. ಪೋರ್ಟರ್ ಹೊರಬಹುದಾದ ಭಾರಕ್ಕೆ ಅಲ್ಲಿ 20 ಕಿಲೋ ಮಿತಿಯಿದೆ, ತೂಕ ಹಾಕುವ ಪದ್ಧತಿಯೂ ಇದೆ. ಪೋರ್ಟರುಗಳ ಕೂಲಿ, ಊಟ, ಬಟ್ಟೆಯ ಮೇಲೆ ಕಣ್ಣಿಡುವ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ 2003ರಿಂದ ಕೆಲಸ ಮಾಡುತ್ತಿದೆ. ಬೆಟ್ಟದ ಮೇಲೆ ನಡೆಯಲಾಗದವರನ್ನು ಕೆಳಗೆ ಸಾಗಿಸುವ ಹೆಗಲು ಹೆಚ್ಚಾಗಿ ಇದೇ ಜನರದ್ದು. ಅರೆಹೊಟ್ಟೆಯಲ್ಲಿ ಚಳಿಗೆ ನಡುಗಿ ರಾತ್ರಿ ಕಳೆದವರಿಂದ ಆ ಕೆಲಸ ಎಷ್ಟರಮಟ್ಟಿಗೆ ಸಾಧ್ಯ?

ನಮ್ಮ ಜನಕ್ಕೂ ಇದು ದೂರದ ಮಾತಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡ ಕೆಟ್ಟ ಹವೆಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಆ ತಂಡದ ಜೊತೆಗೂ ಗೈಡ್‌ಗಳಿದ್ದರು. ಆ ಸುದ್ದಿ ಬಂದ ಮೇಲೆ ಏರ್ಪಾಡಿನ ಬಗ್ಗೆ ಎಲ್ಲರೂ ಪ್ರಶ್ನೆ ಎತ್ತಿದರು. ಮುಂಗಡ ಕಟ್ಟುವಾಗ ಎತ್ತಿದರೆ ಅಂಥ ಪ್ರಶ್ನೆಗೆ ಉಪಯೋಗ ಹೆಚ್ಚು.

ಉಳಿದದ್ದು ರಜೆಯ ಸಮಸ್ಯೆ, ಅದು ನೆವವಲ್ಲ. ಒಂದು ವಾರದ ರಜೆಗೆ ಮ್ಯಾನೇಜರ್ ಮುಂದೆ ಹಲ್ಲು ಗಿಂಜಬೇಕಾದವರಿಗೆ ಎಂಟು ದಿನದ ಲೆಮೊಶೊ ದಾರಿಯನ್ನು ಸೂಚಿಸುವುದು ಸುಲಭ, ಪಾಲಿಸುವುದು ಕಷ್ಟ. ಆದರೆ ನಮ್ಮಲ್ಲಿ ಮಾರಾಟವಾಗುವ ಪ್ಯಾಕೇಜುಗಳಲ್ಲಿ ಐದಾರು ದಿನದ ಬೆಟ್ಟದ ಹಿಂದೆಯೇ ಎರಡು ಮೂರು ದಿನದ ಸೆರೆಂಗೆಟಿ, ಗೊರೊಂಗೊರೊ ಸಫಾರಿ ಅಂಟಿಕೊಂಡಿರುವುದು ಸಾಮಾನ್ಯ. ಆ ಸಫಾರಿಯಲ್ಲಿ ಎರಡು ದಿನ ಕಡಿದು ಬೆಟ್ಟಕ್ಕೆ ಸೇರಿಸಿದರೆ ಒಟ್ಟು ರಜೆಯಲ್ಲಿ ಒಂದು ದಿನವೂ ಹೆಚ್ಚಬೇಕಿಲ್ಲ; ಸಫಾರಿಯ ಜೀಪು, ಲಾಡ್ಜಿನ ಬಾಡಿಗೆ ಉಳಿಯುವುದರಿಂದ ಖರ್ಚೂ ಹೆಚ್ಚುಕಡಿಮೆ ಅಲ್ಲಿಗಲ್ಲಿಗೇ. ಸಿಂಹ ನೋಡಲೇಬೇಕೆನ್ನುವವರು ಸಫಾರಿಯನ್ನು ಹಾಗೇ ಉಳಿಸಿಕೊಂಡು, ಕಿಲಿಮಂಜಾರೋ ಬಿಟ್ಟು ಪಕ್ಕದ ಅರುಶಾ ಉದ್ಯಾನದ ಮೇರು ಪರ್ವತ ಹತ್ತಬಹುದು. ಎತ್ತರ 4,500 ಮೀಟರ್ ದಾಟುತ್ತದೆ, ಮೂರು ನಾಲ್ಕು ದಿನ ಸಾಕು, ದಾರಿಯಲ್ಲಿ ಜಿರಾಫೆ, ಕಾಡೆಮ್ಮೆ ಎದುರಾಗುವುದರಿಂದ ಬಂದೂಕು ಹಿಡಿದ ರೇಂಜರ್ ಜೊತೆಗೇ ನಡೆಯುತ್ತಾನೆ. ಕಂಪನಿಗಳು ಅದನ್ನು ಮುಂದಿಟ್ಟು ಮಾರುವುದಿಲ್ಲ, ಏಕೆಂದರೆ ಮೇರುವಿನ ಹೆಸರು ಹೇಳಿಕೊಂಡು ಕೇಳುತ್ತ ಬರುವವರು ಕಡಿಮೆ.